ಮೂರು ವರ್ಷದ ವೀಸಾ, ಐವತ್ತು ವರ್ಷದ ತೋಟ



ವಲಸೆಯ ಬಗ್ಗೆ ನಮ್ಮಲ್ಲಿ ಅಧ್ಯಯನಗಳಿಗೆ ಕೊರತೆಯಿಲ್ಲ. ಊರು ಬಿಟ್ಟು ಬೆಂಗಳೂರಿನಲ್ಲಿ ಮನೆ ಕಟ್ಟಿದವರ ಕುರಿತು ಬರೆದಿದ್ದೇವೆ. ಹಸಿರು ಕಾರ್ಡು ಪಡೆದು ಅಲ್ಲಿಯವರೇ ಆದವರ ಕುರಿತೂ ಬರೆದಿದ್ದೇವೆ. ತೋಟ ನೋಡಿಕೊಳ್ಳುವ ಹುಡುಗನಿಗೆ ಹೆಣ್ಣು ಸಿಗದ ಕಥೆಯನ್ನಂತೂ ಪತ್ರಿಕೆಗಳು ಸಾಕಷ್ಟು ಹೇಳಿವೆ. ಇವರೆಲ್ಲರ ನಡುವೆ ಇನ್ನೊಬ್ಬನಿದ್ದಾನೆ. ಕಂಪನಿ ಅವನನ್ನು ಒಂದೂವರೆ ವರ್ಷಕ್ಕೋ ಎರಡು ವರ್ಷಕ್ಕೋ ವಿದೇಶಕ್ಕೆ, ಆನ್‌ಸೈಟ್ ಕೆಲಸಕ್ಕೆ ಕಳಿಸಿದೆ. ಹೆಂಡತಿ ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಆಯಿ ಊರಲ್ಲಿ. ಅವನು ಊರು ಬಿಟ್ಟವನಲ್ಲ, ಊರಲ್ಲಿ ಇರುವವನೂ ಅಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಅವನ ಬಗ್ಗೆ. ಈಗ ಮಾಣಿಯಂದಿರು, ಅಂದರೆ ಹುಡುಗರಷ್ಟೇ ಹೋಗುತ್ತಿಲ್ಲ, ಕೂಸುಗಳು, ಅಂದರೆ ಹುಡುಗಿಯರೂ ಹೋಗುತ್ತಿದ್ದಾರೆ. ‘ಅವನು’ ಅಂದಲ್ಲೆಲ್ಲ ‘ಅವಳು’ ಅಂತಲೂ ಕೇಳಿಸಿಕೊಳ್ಳಿ.

ನನ್ನ ವಾದ ಇಷ್ಟು. ತಾತ್ಕಾಲಿಕ ನೇಮಕ ಹೋದವನಿಗೆ ಮಾತ್ರ ಆದದ್ದೆಂದು ನಾವು ತಿಳಿದಿದ್ದೇವೆ. ಇಲ್ಲಿ ಉಳಿದ ಮನೆಯೂ ಅಂದಿನಿಂದಲೇ ತಾತ್ಕಾಲಿಕವಾಗುತ್ತದೆ. ಮುಪ್ಪಾದ ಮರ ತೆಗೆದು ಹೊಸ ಸಸಿ ನೆಡುವುದು, ಬಾವಿ ಆಳ ಮಾಡಿಸುವುದು, ಹಿಸ್ಸೆ ಬಗೆಹರಿಸುವುದು, ಮಾಡಿಗೆ ಹೆಂಚು ಹೊದಿಸುವುದು, ಎಲ್ಲಕ್ಕೂ ಒಂದೇ ಉತ್ತರ: ‘ಮಾಣಿ ಬರ್ಲಿ.’ ಅಲ್ಲಿ ಅವನು ನೆಲೆಯೂರಲು ಏಕೆ ಒದ್ದಾಡುತ್ತಾನೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿನ ಈ ಕಾಯುವಿಕೆಯಲ್ಲಿದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಈ ಸೀಮೆಗೆ ಸಮುದ್ರದಾಚೆಯ ನಂಟು ಹೊಸತಲ್ಲ. ನಮ್ಮ ಘಟ್ಟದ ಕಾಳುಮೆಣಸು ಮನುಷ್ಯರಿಗಿಂತ ಶತಮಾನಗಳಷ್ಟು ಮೊದಲೇ ಹಡಗು ಹತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಪೋರ್ಚುಗೀಸರ ಬಾಯಲ್ಲಿ ಮೆಣಸಿನ ಜೊತೆಗೇ ಬರುತ್ತಿತ್ತು. ಅದೇ ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರ ಸಂತತಿ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನಂಚಿನಲ್ಲಿ ಸಿದ್ದಿಗಳಾಗಿ ಬಾಳುತ್ತಿದೆ. ಅವರನ್ನು ಕರೆತಂದವರು ವಾಪಸಿನ ದಿನಾಂಕ ಬರೆದುಕೊಟ್ಟಿರಲಿಲ್ಲ. ಪರಿಶಿಷ್ಟ ಪಂಗಡದ ಮಾನ್ಯತೆ ಸಿಗಲು ಅವರು 2003ರ ತನಕ ಕಾಯಬೇಕಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ಹೋದಾಗ ಆ ಸಮುದಾಯದಿಂದ ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲಿಗರಾದರು. ಮನೆಯಿಂದ ದೂರವಿರುವ ಸಂಕಟವನ್ನು ನಾವೇ ಕಂಡುಹಿಡಿದೆವು ಎಂದು ಭಾವಿಸುವ ಐಟಿ ಮಂದಿಗೆ ಈ ಮಾತು ನೆನಪಿರಲಿ.

ಇನ್ನೊಬ್ಬರ ಹೆಸರನ್ನೂ ಹೇಳಬೇಕು. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಕೊನೆಗೆ ಹೊಡೆಯುವ ಪದ್ಧತಿ ಮಲೆನಾಡಿನಲ್ಲಿ ಬೇರೂರಿದ್ದು ಅವರ ಕೆಲಸದಿಂದ. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಆದರೆ ಔಷಧಿಗೆ ಗಡಿಯಿಲ್ಲವಲ್ಲ, ಘಟ್ಟದ ಈ ಕಡೆಗೂ ಬಂತು. ವಿದೇಶದಲ್ಲಿ ಕೆಲಸಕ್ಕೆಂದು ಬಂದವನೊಬ್ಬ ನೆಲದ ರೋಗ, ಮಳೆ, ಮರ ಮೂರನ್ನೂ ಅರಿತು ಕಾಲು ಶತಮಾನ ದುಡಿದು 1934ರಲ್ಲಿ ಹೊರಟ. ಇಂದು ನಮ್ಮ ಮಕ್ಕಳು ಹೋದ ದೇಶದ ಪರಿಚಯ ಮಾಡಿಕೊಳ್ಳುವುದು ಎಷ್ಟು, ಬಾಡಿಗೆ ಮನೆ, ಆಫೀಸು, ಇಂಡಿಯನ್ ಸ್ಟೋರ್ ಎಂಬ ತ್ರಿಕೋನದಾಚೆ ಅವರು ಏನು ಕಾಣುತ್ತಾರೆ ಎಂಬುದನ್ನೂ ನಾವು ಕೇಳಬಹುದು.

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದ ಎಚ್-1ಬಿ ವೀಸಾ 1990ರ ಕಾಯ್ದೆಯ ಕೂಸು. ಮೊದಲು ಮೂರು ವರ್ಷ, ಮತ್ತೆ ಮೂರು ವರ್ಷ. ಕಂಪನಿಯೊಳಗಿನ ವರ್ಗಾವಣೆಗೆ ಕೊಡುವ ಎಲ್-1 ಆದರೆ ಹುದ್ದೆ ನೋಡಿ ಐದು ಅಥವಾ ಏಳು ವರ್ಷ. ಹಸಿರು ಕಾರ್ಡಿಗೆ ಒಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ಕಣ್ಣಿಗೆ ಕಾಣದಷ್ಟು ಉದ್ದವಾಗಿದೆ. ಸರದಿಯಲ್ಲಿ ನಿಂತವನ ವೀಸಾ ಮೂರು ಮೂರು ವರ್ಷ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಾಗಾಗಿ ಒಂದೂವರೆ ವರ್ಷಕ್ಕೆಂದು ಹೋದವನು ಹದಿನೈದು ವರ್ಷ ತಾತ್ಕಾಲಿಕವಾಗಿಯೇ ಇರಬಲ್ಲ. ಇನ್ನೊಂದು ಕಡೆ, ಕೆಲಸ ಹೋದರೆ ಸಿಗುವ ಗಡುವು 60 ದಿನ. 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂಬ ಘೋಷಣೆ ಬಂದ ವಾರಾಂತ್ಯದಲ್ಲಿ, ರಜೆಗೆ ಬಂದವರು ಬ್ಯಾಗು ಬಿಚ್ಚದೆ ಹಿಂದಿರುಗಲು ಟಿಕೆಟ್ ಹುಡುಕಿದರು. ಅದು ಹೊಸ ಅರ್ಜಿಗಳಿಗೆ ಮಾತ್ರ ಎಂಬ ವಿವರಣೆ ಬರುವಷ್ಟರಲ್ಲಿ ಗಾಬರಿ ಎಲ್ಲ ಮನೆಗಳನ್ನೂ ಮುಟ್ಟಿ ಬಂದಿತ್ತು.

ಅಡಿಕೆಯ ಲೆಕ್ಕ ಬೇರೆ. ಇಂದು ನೆಟ್ಟ ಸಸಿ ಹಿಂಗಾರ ಬಿಡಲು ಐದಾರು ವರ್ಷ, ತುಂಬು ಫಸಲಿಗೆ ಇನ್ನೂ ಕೆಲವು ವರ್ಷ. ಆಮೇಲೆ ನಾಲ್ಕೈದು ದಶಕ ಅದು ಕೊಡುತ್ತಲೇ ಇರುತ್ತದೆ, ಆದರೆ ವರ್ಷಕ್ಕೊಮ್ಮೆ ತಪ್ಪದೆ ಕೇಳುತ್ತದೆ. ಮಳೆಗಾಲ ಹಿಡಿಯುವ ಹೊತ್ತಿಗೆ ಮೊದಲ ಮದ್ದು, ಸುಮಾರು 40 ದಿನಕ್ಕೆ ಎರಡನೆಯದು, ಅದೂ ಮಳೆ ಹೊಳವಾದ ದಿನವೇ ಆಗಬೇಕು, ಮರ ಹತ್ತುವ ಕೊನೆಗೌಡರು ಸಿಗಬೇಕು. ಬೆಟ್ಟದಿಂದ ಸೊಪ್ಪು, ದರಕು ಬರಬೇಕು. ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಕಾರ್ಬನ್ ಫೈಬರ್ ದೋಟಿ ಬಂದಮೇಲೆ ಮರ ಹತ್ತುವ ಕಷ್ಟ ಕೆಲಮಟ್ಟಿಗೆ ತಗ್ಗಿದೆ, ಆದರೆ ದೋಟಿ ಹಿಡಿಯುವ ಕೈ ಬೇಕೇ ಬೇಕು. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂದಿತು. ಆ ಭೂಗೋಳದಲ್ಲಿ ಮುಂದೆ ಯಾರು ಇರುತ್ತಾರೆ ಎಂದು ಪ್ರಮಾಣಪತ್ರ ಹೇಳುವುದಿಲ್ಲ.

ಹಾಗಾದರೆ ಎರಡು ವರ್ಷದ ಮಟ್ಟಿಗೆ ತೋಟವನ್ನು ಇನ್ನೊಬ್ಬರಿಗೆ ಗೇಣಿಗೆ ಕೊಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 1974ರಲ್ಲಿ ಆದ ತಿದ್ದುಪಡಿ ಗೇಣಿಯನ್ನೇ ರದ್ದು ಮಾಡಿತು. ದಿನಕರ ದೇಸಾಯಿಯವರಂಥವರು ಈ ಜಿಲ್ಲೆಯಲ್ಲಿ ರೈತರ ಪರವಾಗಿ ನಡೆಸಿದ ಹೋರಾಟವನ್ನು ಬಲ್ಲವರು ಆ ಕಾಯ್ದೆಯ ನ್ಯಾಯವನ್ನು ಅಲ್ಲಗಳೆಯಲಾರರು, ನಾನೂ ಅಲ್ಲಗಳೆಯುವುದಿಲ್ಲ. ಆದರೆ ಅದರ ಐದನೆಯ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ಸೈನಿಕನೂ ಹಡಗಿನ ನಾವಿಕನೂ ಸೇವೆಯಲ್ಲಿರುವಾಗ ತಮ್ಮ ಜಮೀನನ್ನು ಗೇಣಿಗೆ ಕೊಡಬಹುದು. ದುಡಿಮೆಗಾಗಿ ಮನೆಯಿಂದ ದೂರ ಹೋಗಿ ಮತ್ತೆ ಬರುವವರು ಯಾರು ಎಂದು ಕಾನೂನು ಮಾಡಿದವರು ಯೋಚಿಸಿದಾಗ ಅವರ ಕಣ್ಣ ಮುಂದೆ ಬಂದವರು ಈ ಇಬ್ಬರು. ಸಿಯಾಟಲ್‌ನಲ್ಲಿ ಸರ್ವರ್ ಕಾಯುವವನು ಆ ಕಾಲಕ್ಕೆ ಹುಟ್ಟಿರಲಿಲ್ಲ. ಈಗ ನಮ್ಮಲ್ಲಿ ನಡೆಯುವುದು ಫಸಲನ್ನಷ್ಟೇ ವರ್ಷದ ಗುತ್ತಿಗೆಗೆ, ಅಂದರೆ ಚೇಣಿಗೆ ಕೊಡುವುದು, ಇಲ್ಲವೇ ನಂಬಿಕೆಯ ಮೇಲೆ ನೆರೆಯವರಿಗೆ ಒಪ್ಪಿಸುವುದು. ಚೇಣಿ ಹಿಡಿದವನಿಗೆ ಈ ವರ್ಷದ ಕೊನೆ ಮುಖ್ಯ, ಮುಂದಿನ ವರ್ಷದ ಬುಡ ಅಲ್ಲ. ಅವನ ಮೇಲೆ ತಪ್ಪು ಹೊರಿಸಲಾಗದು. ಅವನಿಗೂ ನಾಳೆಯ ಭರವಸೆ ಕೊಟ್ಟವರಿಲ್ಲ.

ವಿದೇಶಿ ವಿನಿಮಯದ ಕಾನೂನಿನದು ಇನ್ನೊಂದು ತಮಾಷೆ. ಆದಾಯ ತೆರಿಗೆಯವರು ವರ್ಷದಲ್ಲಿ 182 ದಿನದ ಲೆಕ್ಕ ಹಿಡಿದು ನೀವು ಇಲ್ಲಿನವರೋ ಅಲ್ಲವೋ ಎಂದು ತೀರ್ಮಾನಿಸುತ್ತಾರೆ. ಫೆಮಾ ಕಾಯ್ದೆಗಾದರೆ ಉದ್ಯೋಗಕ್ಕೆಂದು ವಿಮಾನ ಹತ್ತಿದಾಗಲೇ ನೀವು ಹೊರಗಿನವರು. ನವೆಂಬರಿನಲ್ಲಿ ಹೊರಟವನು ಆ ವರ್ಷದ ಮಟ್ಟಿಗೆ ತೆರಿಗೆಗೆ ಸ್ವದೇಶಿ, ಬ್ಯಾಂಕಿಗೆ ಅನಿವಾಸಿ. ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಮಾಡಿಸಬೇಕು. ಎಷ್ಟು ಜನ ಮಾಡಿಸಿದ್ದಾರೋ ಸೊಸೈಟಿಗಳ ಕಾರ್ಯದರ್ಶಿಗಳೇ ಹೇಳಬೇಕು. ಇದಕ್ಕಿಂತ ಮುಖ್ಯವಾದದ್ದು ತೋಟದ ವಿಷಯ. ಅನಿವಾಸಿಯಾದವನು ಮೊದಲೇ ತನ್ನದಾಗಿದ್ದ ಜಮೀನನ್ನು ಇಟ್ಟುಕೊಳ್ಳಬಹುದು. ಅಪ್ಪನ ನಂತರ ವಾರಸುದಾರನಾಗಿ ಪಡೆಯಬಹುದು. ಆದರೆ ಕೃಷಿ ಜಮೀನನ್ನು ಖರೀದಿಸುವಂತಿಲ್ಲ, ದಾನಪತ್ರದಿಂದ ಪಡೆಯುವಂತೆಯೂ ಇಲ್ಲ. ಅಣ್ಣ ತನ್ನ ಹಿಸ್ಸೆ ಮಾರಲು ಹೊರಟರೆ, ಡಾಲರ್ ಇದ್ದರೂ ತಮ್ಮ ಅದನ್ನು ಕೊಳ್ಳಲಾರ. ಇದು ಗೊತ್ತಿಲ್ಲದೆ ಅಪ್ಪಂದಿರು ದಾನಪತ್ರ ಬರೆಸಲು ಹೊರಡುತ್ತಾರೆ. ಹೋಗುವ ಮುನ್ನವೇ ಇಲ್ಲಿ ಮುಕ್ತಿಯಾರ್‌ನಾಮೆ ನೋಂದಾಯಿಸಿ ಹೋದರೆ ಒಂದು ದಿನದ ಕೆಲಸ. ಅಲ್ಲಿಂದ ಮಾಡಿಸಬೇಕಾದರೆ ದೂತಾವಾಸ ಅಥವಾ ನೋಟರಿ, ಅಪೋಸ್ಟಿಲ್, ಆಮೇಲೆ ಪತ್ರ ಇಲ್ಲಿಗೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ. ಸೂಟ್‌ಕೇಸಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿಗೆ ಎಷ್ಟು ಸುತ್ತು ಪ್ಲಾಸ್ಟಿಕ್ ಸುತ್ತಬೇಕೆಂದು ಇಡೀ ಮನೆ ಚರ್ಚಿಸುತ್ತದೆ. ಈ ಕಾಗದದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಇನ್ನು ಫೋನು. ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 7 ಗಂಟೆ ಎಂದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ. ಅವರು ಗಡಿಯಾರ ಹಿಂದೆ ಮುಂದೆ ಮಾಡಿದಾಗ ಇಲ್ಲಿ ಅಪ್ಪಯ್ಯನ ಊಟದ ಹೊತ್ತು ಬದಲಾಗುತ್ತದೆ. ‘ಊಟ ಆತ?’ ‘ಆತು.’ ‘ಮಳೆ ಇದ್ದಾ?’ ‘ಇದ್ದು.’ ‘ಯಂಗ ಆರಾಮಿದ್ಯ, ನೀ ತಲೆಬಿಸಿ ಮಾಡ್ಕಳಡ.’ ಈ ಐದು ವಾಕ್ಯಗಳಲ್ಲಿ ಎರಡೂ ಕಡೆಯವರು ಸಾಕಷ್ಟು ಮುಚ್ಚಿಡುತ್ತಾರೆ. ಆಯಿ ಬಚ್ಚಲಲ್ಲಿ ಜಾರಿ ಬಿದ್ದದ್ದು ಮಗನಿಗೆ ತಿಳಿಯುವುದು ಪ್ಲಾಸ್ಟರ್ ಬಿಚ್ಚಿದ ಮೇಲೆ. ಮಗನ ತಂಡದ ಅರ್ಧ ಜನರನ್ನು ಮನೆಗೆ ಕಳಿಸಿದ ಸುದ್ದಿ ಅಪ್ಪನಿಗೆ ತಿಳಿಯುವುದೇ ಇಲ್ಲ. ಮೊದಲ ಆರು ತಿಂಗಳು ಮುಚ್ಚಿಡುವುದು ಹೆಚ್ಚು. ಅಲ್ಲಿ ಹಿಂದಿನ ಸಾಲದ ಚರಿತ್ರೆಯಿಲ್ಲದವನಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಾರೆ, ರಸ್ತೆಯ ಬಲಗಡೆ ಕಾರು ಓಡಿಸಲು ಹೊಸದಾಗಿ ಪರೀಕ್ಷೆ ಕೊಡಬೇಕು, ಚಳಿಗಾಲದಲ್ಲಿ ಕತ್ತಲು ಸಂಜೆ ಐದಕ್ಕೇ ಇಳಿಯುತ್ತದೆ. ಇದನ್ನೆಲ್ಲ ಹೇಳಿದರೆ ‘ಹಾಂಗಾದ್ರೆ ವಾಪಸ್ ಬಾ’ ಎಂಬ ಉತ್ತರ ಬರುತ್ತದೆಂದು ಅವನಿಗೆ ಗೊತ್ತು. ರಜೆಗೆ ಬರೋಣವೆಂದರೆ ಸ್ಟಾಂಪಿಂಗ್‌ನ ಭಯ. ಬಂದಮೇಲೆ ವೀಸಾ ಮುದ್ರೆಗೆ ಸಂದರ್ಶನದ ದಿನ ಸಿಗದೆ ಇಲ್ಲೇ ಉಳಿದರೆ ಏನು ಗತಿ?

ಪರಸ್ಪರ ರಕ್ಷಿಸಲು ಹೇಳುವ ಈ ಸುಳ್ಳುಗಳನ್ನು ನಾನು ಖಂಡಿಸುವುದಿಲ್ಲ. ಆದರೆ ಅವು ಆಸ್ಪತ್ರೆಯ ವಿಷಯದಲ್ಲಿ ದುಬಾರಿಯಾಗುತ್ತವೆ. ಹೃದಯದ ತೊಂದರೆಗೆ ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ದಾಟುತ್ತದೆ. ಸಿದ್ದಾಪುರದವರು ಶಿವಮೊಗ್ಗದ ಕಡೆ ಮುಖ ಮಾಡುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಘಟ್ಟದ ಮೇಲೂ ಕೆಳಗೂ ಎದ್ದಿತ್ತು. ರಾತ್ರಿ ಎರಡಕ್ಕೆ ಎದೆನೋವು ಬಂದರೆ ಕಾರು ತರುವವರು ಯಾರು, ಆಸ್ಪತ್ರೆಯಲ್ಲಿ ಸಹಿ ಹಾಕುವವರು ಯಾರು, ವಿಮೆಯ ಕಾರ್ಡು ಯಾವ ಡಬ್ಬಿಯಲ್ಲಿದೆ, ಇವು ಹೋಗುವ ಮುನ್ನ ನಿರ್ಧಾರವಾಗಬೇಕಾದ ಮಾತುಗಳು. ಇವು ಗಟ್ಟಿಯಾದ ಮನೆಯ ಮಗ ಅಲ್ಲಿ ಬೇಗ ಹೊಂದಿಕೊಂಡದ್ದನ್ನು ನಾನು ಕಂಡಿದ್ದೇನೆ.

ನಮ್ಮ ಪೇಟೆಗಳಿಂದ ಗಲ್ಫಿಗೆ ಹೋದ ಚಾಲಕರು, ಎಲೆಕ್ಟ್ರಿಷಿಯನ್ನರು ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಹೊರಗೇ ಉಳಿಯುತ್ತಾರೆ. ಭಟ್ಕಳ ಎಂದರೆ ಗಲ್ಫ್, ಶಿರಸಿ ಎಂದರೆ ಅಮೆರಿಕ ಎಂದು ನಾವು ಹಂಚಿಕೊಂಡುಬಿಟ್ಟಿದ್ದೇವೆ. ಐಟಿಯವನು ಹೆಂಡತಿಯನ್ನು ಕರೆದೊಯ್ಯಬೇಕೇ ಬೇಡವೇ ಎಂದು ಯೋಚಿಸುತ್ತಾನೆ. ದುಬೈಯ ಚಾಲಕನಿಗೆ ಆ ಯೋಚನೆಯ ಸೌಲಭ್ಯವೇ ಇಲ್ಲ: ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಸಂಬಳವಿಲ್ಲದವನು ಅಲ್ಲಿ ಕುಟುಂಬಕ್ಕೆ ವೀಸಾ ಮಾಡಿಸುವಂತಿಲ್ಲ. ಹತ್ತನೇ ತರಗತಿ ದಾಟದವನು 1983ರ ವಲಸೆ ಕಾಯ್ದೆಯಂತೆ ಅನುಮತಿ ಪಡೆದೇ ಹೋಗಬೇಕು. ಹಾಗೆ ಹೋಗುವವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ವಿಮೆ ಇದೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ಆ ಕಾಗದವೂ ಮನೆಯಲ್ಲಿ ಒಂದು ಪ್ರತಿ ಇರಬೇಕು, ಬೇಕಾಗುವುದು ಮನೆಯವರಿಗೇ.

2020ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತಾಗ ಒಂದು ಪ್ರಯೋಗ ತಾನಾಗಿ ನಡೆಯಿತು. ಬೆಂಗಳೂರಿನವರು ಊರು ಸೇರಿ, ನೆಟ್‌ವರ್ಕ್ ಹುಡುಕುತ್ತ ಗುಡ್ಡದ ತಲೆಯಲ್ಲಿ ಶೀಟು ಹೊದಿಸಿದ ಚಪ್ಪರದೊಳಗೆ ಕುಳಿತು ಕೆಲಸ ಮಾಡಿದರು. ವಿದೇಶದಲ್ಲಿದ್ದವರು ಮೇ ತಿಂಗಳಲ್ಲಿ ವಂದೇ ಭಾರತ್ ವಿಮಾನಗಳು ಶುರುವಾಗುವ ತನಕ ಅಲ್ಲಿಯೇ ಸಿಕ್ಕಿಕೊಂಡರು. ಎರಡೂ ಬಗೆಯವರು ಈ ತಾಲೂಕುಗಳಲ್ಲಿದ್ದಾರೆ. ಕೋವಿಡ್‌ನ ಆ ಎರಡು ವರ್ಷ ಯಾವ ತೋಟಗಳಲ್ಲಿ ಹೊಸ ಸಸಿ ಬಿದ್ದವು, ಆಮೇಲೆ ಅವುಗಳಿಗೆ ನೀರು ಬಿಟ್ಟವರು ಯಾರು ಎಂದು ಯಾರಾದರೂ ವಿದ್ಯಾರ್ಥಿ ಹಳ್ಳಿ ಹಳ್ಳಿ ತಿರುಗಿ ಬರೆದರೆ ಒಳ್ಳೆಯ ಪ್ರಬಂಧವಾದೀತು.

ಸೊಸೈಟಿಗಳಿಂದ ನನಗೆ ಒಂದು ನಿರೀಕ್ಷೆ ಇದೆ. ಶಿರಸಿಯ ತೋಟಗಾರರ ಸೇಲ್ ಸೊಸೈಟಿ 1923ರಲ್ಲಿ ಹುಟ್ಟಿದ್ದು, ಬೆಳೆಗಾರ ಒಬ್ಬೊಬ್ಬನೇ ವ್ಯಾಪಾರಿಯ ಎದುರು ನಿಲ್ಲಲಾರ ಎಂಬ ಕಾರಣಕ್ಕೆ. ಇಂದು ಒಬ್ಬೊಬ್ಬನೇ ನಿಲ್ಲಲಾಗದ ಕೆಲಸ ತೋಟದ ದೇಖರೇಖಿ. ಮದ್ದು, ಕೊಯ್ಲು, ಬೆಳೆವಿಮೆಯ ಅರ್ಜಿ ಇವಿಷ್ಟನ್ನೂ ಸದಸ್ಯನ ಪರವಾಗಿ, ಲೆಕ್ಕ ಬರೆದಿಟ್ಟು, ಸಂಬಳದ ತಂಡದಿಂದ ಮಾಡಿಸುವ ವ್ಯವಸ್ಥೆ ಸಹಕಾರಿ ಸಂಘದ ಕೈಯಲ್ಲಿದ್ದರೆ ಗೇಣಿಯ ಭಯವೂ ಇರದು, ಚೇಣಿಯ ಅವಸರವೂ ಇರದು. ಖರ್ಚು ಹೋದವನು ಕೊಡಲಿ. ಅವನಿಗೆ ಅದು ಭಾರವಲ್ಲ. ಸುಲಭವೆಂದು ನಾನು ಹೇಳುತ್ತಿಲ್ಲ. ಕೂಲಿಯ ಕೊರತೆ ಸಂಘಕ್ಕೂ ಇದೆ, ಮಳೆ ಬಿಟ್ಟ ದಿನ ಎಲ್ಲ ತೋಟಕ್ಕೂ ಒಮ್ಮೆಲೇ ಜನ ಬೇಕು.

ಈ ವಿಚಾರ ಸಂಕಿರಣದ ಮಧ್ಯಾಹ್ನದ ಗೋಷ್ಠಿಯಲ್ಲಿ ವೀಸಾ ಕುರಿತ ಪ್ರಬಂಧಗಳು ಮೊದಲಿವೆ, ಕೊನೆಗೌಡರೊಬ್ಬರ ಮಾತು ಕಡೆಗಿದೆ. ದಯವಿಟ್ಟು ಕ್ರಮ ಬದಲಿಸಿ. ಯಜಮಾನರಿಲ್ಲದ ಎಷ್ಟು ತೋಟಗಳಿಗೆ ತಾವು ಈಗ ಹೋಗುತ್ತಿದ್ದೇವೆ, ಅಲ್ಲಿ ಕೂಲಿ ಕೊಡುವವರು ಯಾರು, ಯಾವ ಮರ ತೆಗೆಯಬೇಕೆಂದು ಯಾರನ್ನು ಕೇಳುತ್ತೇವೆ, ಇದನ್ನು ಅವರು ಹೇಳಬಲ್ಲರು. ನಮ್ಮ ಪ್ರಬಂಧಗಳಲ್ಲಿ ಅದಿಲ್ಲ. ಮೂರು ಗಂಟೆಗೆ ಅವರಿಗೆ ಇನ್ನೊಂದು ತೋಟದಲ್ಲಿ ಕೊಯ್ಲಿದೆಯಂತೆ.