ಹೆಸರಿಲ್ಲದ ಬಂಡೆಗಳು

ನಮ್ಮ ಗಾಣಗಾಪುರದಲ್ಲಿ ಭೀಮಾ-ಅಮರಜೆಯರು ಕೂಡುವ ತಾಣ ಸಂಗಮ. ಹೊಳೆದಂಡೆಗೆ ರುದ್ರಪಾದ, ಚಕ್ರತೀರ್ಥ, ಪಾಪವಿನಾಶಿ ಎಂದು ಎಂಟು ತೀರ್ಥಗಳು. ಮೀಯುವವರ ನಾಲಗೆಯಲ್ಲಿ ಉಳಿದ ಹೆಸರುಗಳು. ಹೆಸರಿಲ್ಲದ ಕಲ್ಲೂ ಇದ್ದೀತೆಂದು ನನಗೆ ಬಾಲ್ಯದಲ್ಲಿ ತೋಚಿರಲಿಲ್ಲ.

ಅಂಟಾರ್ಕ್ಟಿಕದಲ್ಲಿ ಹೆಸರಿಡಲು ಮೂಲನಿವಾಸಿಗಳೇ ಇಲ್ಲ. ಹಿಮದ ನಡುವಿನ ಒಂದು ಬಂಡೆನೆಲವನ್ನು 1939ರಲ್ಲಿ ಜರ್ಮನ್ ವಿಮಾನಚಾಲಕ ಶಿರ್ಮಾಕರ್ ಆಕಾಶದಿಂದ ಕಂಡರು. ಅದು ಅವರ ಹೆಸರಿನ ಓಯಸಿಸ್ ಆಯಿತು. ಒಂದೇ ಶಿಖರಕ್ಕೆ ಎರಡು ದೇಶಗಳು ಎರಡು ಹೆಸರಿಟ್ಟದ್ದೂ ಉಂಟು. ನೋಡಿದ ಮಾತ್ರಕ್ಕೆ ನೆಲ ನಮ್ಮದಾಗುತ್ತದೆಯೇ? ನನ್ನ ಮನಸ್ಸು ಒಪ್ಪದು.

1989ರಲ್ಲಿ ಅದೇ ಬಂಡೆಗಳ ಮೇಲೆ ಭಾರತದ ‘ಮೈತ್ರಿ’ ನೆಲೆ ಸಿದ್ಧವಾಯಿತು. ಪಕ್ಕದ ಸರೋವರ ‘ಪ್ರಿಯದರ್ಶಿನಿ’. ಇಂದಿರಾಗಾಂಧಿಯವರ ಹೆಸರೂ ಅದೇ, ನಿಜ. ಆದರೆ ನೆಲೆಯವರು ಆ ನೀರನ್ನೇ ಕುಡಿಯುತ್ತಾರೆ. ಆ ಹೆಸರನ್ನು ನಕ್ಷೆಯಲ್ಲಿ ಕಂಡಾಗ ನನಗೆ ಪಾಪವಿನಾಶಿಯ ದಂಡೆ ನೆನಪಾಗುತ್ತದೆ.