ಅಮ್ಮನಿಗೆ ಕಷ್ಟವಾದ ಅಕ್ಷರ



"ನಿನಗೆ ಗೊತ್ತಿರೋ ವಿಷಯದ ಬಗ್ಗೆ ಮಾತಾಡು" ಎಂದು ನಮ್ಮ ಟೀಚರ್ ಹೇಳಿದರು. ನನಗೆ ಹತ್ತಿರದಿಂದ ಗೊತ್ತಿರುವುದು ನನ್ನ ಅಮ್ಮನ ಕೆಲಸ. ಅಮ್ಮ ನರ್ಸ್. ದಾವಣಗೆರೆಯಲ್ಲಿ ಐಸಿಯುನಲ್ಲಿ 11 ವರ್ಷ ಕೆಲಸ ಮಾಡಿ, 2021ರ ಅಕ್ಟೋಬರ್‌ನಲ್ಲಿ ಒಬ್ಬರೇ ಇಂಗ್ಲೆಂಡಿಗೆ ಬಂದರು. ನಾನು, ಅಪ್ಪ ಬಂದಿದ್ದು 10 ತಿಂಗಳ ನಂತರ.

ಹೊರದೇಶದಲ್ಲಿ ಓದಿದವರು ಇಲ್ಲಿ ನರ್ಸ್ ಆಗಬೇಕಾದರೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಪರೀಕ್ಷೆ ಎರಡನ್ನೂ ಅಮ್ಮ ಭಾರತದಲ್ಲೇ ಮುಗಿಸಿದ್ದರು. ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಯನ್ನು ಮಾತ್ರ ಇಲ್ಲಿಗೆ ಬಂದೇ ಕೊಡಬೇಕು. ಅದರಲ್ಲಿ 10 ಸ್ಟೇಷನ್‌ಗಳು. ಹೆಚ್ಚಿನವುಗಳಲ್ಲಿ ಮಾಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಮಾಡಬೇಕು.

ನಮಗೆ ರಾತ್ರಿ 10 ಗಂಟೆ ಆದಾಗ ಅಮ್ಮನಿಗೆ ಸಂಜೆ ನಾಲ್ಕೂವರೆ. ಅಮ್ಮ ವಿಡಿಯೊ ಕಾಲ್‌ನಲ್ಲಿ ಅಭ್ಯಾಸ ಮಾಡುತ್ತಿದ್ದರು. ಅವರ ರೋಗಿ ಒಂದು ದಿಂಬು. ನಾನು ಪಟ್ಟಿ ಹಿಡಿದು ಟಿಕ್ ಹಾಕಬೇಕು. ಅಮ್ಮ ದಿಂಬಿಗೆ ತಮ್ಮ ಹೆಸರು ಹೇಳುತ್ತಿದ್ದರು, ಅದರ ಹುಟ್ಟಿದ ದಿನಾಂಕ, ಅಲರ್ಜಿ ಕೇಳುತ್ತಿದ್ದರು, "ನಿಮ್ಮ ಬಿಪಿ ನೋಡಬಹುದೇ?" ಎಂದು ಒಪ್ಪಿಗೆ ಪಡೆಯುತ್ತಿದ್ದರು. ಅಜ್ಜಿ ಹಿಂದಿನಿಂದ, "ಅಲ್ಲವೇ, ದಿಂಬಿಗೂ ಕೇಳಿ ಮುಟ್ಟಬೇಕಾ?" ಅನ್ನೋರು. ಅಮ್ಮನಿಗೆ ಬಿಪಿ ನೋಡೋದು ಹೊಸದಲ್ಲ. ಕೇಳಿ ನೋಡೋದು, ಹೇಳಿ ಮಾಡೋದು ಹೊಸದು.

ಪಾಸಾಗಿ ಪಿನ್ ನಂಬರ್ ಬರುವವರೆಗೆ ಅವರು ನರ್ಸ್ ಅಲ್ಲ, ಹೆಲ್ತ್‌ಕೇರ್ ಅಸಿಸ್ಟೆಂಟ್. ಯೂನಿಫಾರ್ಮ್ ಬಣ್ಣವೇ ಬೇರೆ. ವೆಂಟಿಲೇಟರ್ ನೋಡಿಕೊಂಡವರು ಇಂಜೆಕ್ಷನ್ ಕೊಡುವ ಹಾಗಿರಲಿಲ್ಲ. ಊರಿನಲ್ಲಿ ರೋಗಿಗೆ ಮೈ ಒರೆಸುವುದು, ಊಟ ಮಾಡಿಸುವುದು ಹೆಚ್ಚಾಗಿ ಮನೆಯವರ ಕೆಲಸ. ಇಲ್ಲಿ ಅದನ್ನು ವಾರ್ಡಿನವರೇ ಮಾಡುತ್ತಾರೆ. ಆ ದಿನಗಳಲ್ಲಿ ಅಮ್ಮ ಫೋನಿನಲ್ಲಿ ಕಡಿಮೆ ಮಾತಾಡುತ್ತಿದ್ದರು. ಈಗ ಮಾತ್ರ, "ಮೈ ತೊಳೆಸುವಾಗಲೇ ಹಾಸಿಗೆ ಹುಣ್ಣು ಮೊದಲು ಕಣ್ಣಿಗೆ ಬೀಳೋದು, ರೋಗಿ ಮನಸ್ಸು ಬಿಚ್ಚೋದೂ ಆಗಲೇ" ಎನ್ನುತ್ತಾರೆ.

ಭಾಷೆಯ ಕಥೆಗಳೂ ಇವೆ. ಒಬ್ಬ ಅಜ್ಜಿ "ಸ್ಪೆಂಡ್ ಎ ಪೆನ್ನಿ" ಅಂದಾಗ ಅಮ್ಮ ಅವರ ಪರ್ಸ್ ಹುಡುಕಿದರು. ಪಾಪ, ಅವರು ಕೇಳಿದ್ದು ಶೌಚಾಲಯ! ಊರಿನಲ್ಲಿ ಎಲ್ಲರೂ ಅಮ್ಮನನ್ನು "ಸಿಸ್ಟರ್" ಅನ್ನುತ್ತಿದ್ದರು. ಇಲ್ಲಿ ಸಿಸ್ಟರ್ ಎಂದರೆ ವಾರ್ಡಿನ ಹಿರಿಯ ನರ್ಸ್, ಅದೊಂದು ಹುದ್ದೆ.

ಆದರೆ ಎಲ್ಲಕ್ಕಿಂತ ಕಷ್ಟವಾಗಿದ್ದು ಒಂದು ಅಕ್ಷರ. ಡಾಕ್ಟರಿಗೆ ಫೋನ್ ಮಾಡುವಾಗ ಇಲ್ಲಿ ಎಸ್, ಬಿ, ಎ, ಆರ್ ಎಂಬ ಕ್ರಮವಿದೆ. ಎಸ್ ಎಂದರೆ ಈಗಿನ ಪರಿಸ್ಥಿತಿ, ಬಿ ಎಂದರೆ ಹಿನ್ನೆಲೆ, ಎ ಎಂದರೆ ನನ್ನ ಅಂದಾಜು, ಆರ್ ಎಂದರೆ ನೀವೇನು ಮಾಡಬೇಕೆಂಬ ನನ್ನ ಸಲಹೆ. ನರ್ಸ್ ಡಾಕ್ಟರಿಗೆ ಸಲಹೆ ಕೊಡುವುದೇ? ಅಮ್ಮ ಅಲ್ಲಿಯವರೆಗೆ "ಸರ್, ಒಂದ್ಸಲ ಬಂದು ನೋಡ್ತೀರಾ" ಎಂದಷ್ಟೇ ಕೇಳಿದ್ದವರು.

ಪಿನ್ ಬಂದ ಹೊಸತರಲ್ಲಿ, ಒಂದು ರಾತ್ರಿ ಒಬ್ಬ ರೋಗಿಯ ಅಂಕ 5ಕ್ಕೆ ಏರಿತು. ಉಸಿರಾಟ, ಆಮ್ಲಜನಕ, ರಕ್ತದೊತ್ತಡ, ನಾಡಿ, ಪ್ರಜ್ಞೆ, ಜ್ವರ ಇವಕ್ಕೆ ಅಂಕ ಕೊಟ್ಟು ಕೂಡಿಸುವ ಪದ್ಧತಿ ಇಲ್ಲಿದೆ. 5 ದಾಟಲಿ ಎಂದು ಕಾಯುವಂತಿಲ್ಲ, 5 ಆದರೇ ತುರ್ತು. ಅಮ್ಮ ಫೋನಿನಲ್ಲಿ ಎಸ್, ಬಿ, ಎ ಮೂರನ್ನೂ ಸರಿಯಾಗಿ ಹೇಳಿ ಸುಮ್ಮನಾದರು. ಪಕ್ಕದಲ್ಲಿದ್ದ ಹಿರಿಯ ನರ್ಸ್ ಮೆಲ್ಲಗೆ, "ಅವರಿಂದ ನಿನಗೇನು ಬೇಕು, ಅದನ್ನು ಹೇಳು" ಅಂದರು. ಅಮ್ಮ ಉಸಿರು ತೆಗೆದುಕೊಂಡು, "ನೀವು ಅರ್ಧ ಗಂಟೆಯೊಳಗೆ ಬಂದು ನೋಡಬೇಕು" ಎಂದರು. ಡಾಕ್ಟರ್ ಬಂದರು.

ಅಮ್ಮನಿಗೆ ವಿದ್ಯೆ ಕಡಿಮೆ ಇರಲಿಲ್ಲ. ಅದನ್ನು ಗಟ್ಟಿಯಾಗಿ ಹೇಳಲು ಪಕ್ಕದಲ್ಲಿ ಒಬ್ಬರು ಬೇಕಿತ್ತು. ಆ ಹಿರಿಯ ನರ್ಸ್ ಒಂದು ವಾಕ್ಯ ಹೇಳಿದರು, ಅಷ್ಟೇ ಸಾಕಾಯಿತು.

ಪೋಷಕರೇ, ಪರಿಸ್ಥಿತಿ, ಹಿನ್ನೆಲೆ, ನನ್ನ ಅಂದಾಜು ಮೂರನ್ನೂ ಹೇಳಿದೆ. ಇನ್ನು ಆರ್. ಹೀಗೆ ಬರುವ ನರ್ಸ್‌ಗಳಲ್ಲಿ ಎಷ್ಟೋ ಜನ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರು. ನಮ್ಮ ಶಾಲೆ ಇರುವುದು ಗೊತ್ತಿದ್ದರೂ ಅಮ್ಮ ಆ 10 ತಿಂಗಳು ಇಲ್ಲಿಗೆ ಬರಲಿಲ್ಲ. "ಮಗಳಿಲ್ದೆ ಶಾಲೆಗೆ ಹೋಗಿ ಏನಂತ ಕೂತ್ಕೊಳ್ಳಲಿ" ಅಂದುಕೊಂಡಿದ್ದರಂತೆ. ಶನಿವಾರ ನಾವು ಒಳಗೆ ಪಾಠ ಕೇಳುವಾಗ ನೀವು ಹೊರಗೆ ಚಹಾ ಕುಡಿಯುತ್ತಾ ಮಾತಾಡುತ್ತಿರುತ್ತೀರಿ. ಅಲ್ಲಿ ಹೊಸದಾಗಿ ಬಂದವರಿಗೂ ಒಂದು ಕುರ್ಚಿ ಹಾಕಿ, ನೀವೇ ಫೋನ್ ಮಾಡಿ ಕರೆಯಿರಿ. ಗುರುಗಳೇ, ಓಸ್ಕಿ ಅಭ್ಯಾಸಕ್ಕೆ ಅವರಿಗೊಂದು ಕೋಣೆ ಕೊಡಿ. ರೋಗಿ ಬೇಕಿದ್ದರೆ ದೊಡ್ಡ ತರಗತಿಯ ನಾವಿದ್ದೇವೆ. ದಿಂಬಿಗಿಂತ ಚೆನ್ನಾಗಿ ಉತ್ತರ ಕೊಡುತ್ತೇವೆ.

 ಅಮ್ಮ ಇವತ್ತು ಡ್ಯೂಟಿಯಲ್ಲಿದ್ದಾರೆ. ಈ ಮಾತುಗಳನ್ನು ಅವರು ಪುಸ್ತಕದಲ್ಲಿ ಓದುತ್ತಾರೆ.