ಮನೆ ತೋರಿಸುವಾಗ

ವಧುಪರೀಕ್ಷೆಯ ರೀತಿನೀತಿಗಳನ್ನು ನಾವು ಬಲ್ಲೆವು. ಗೃಹಪರೀಕ್ಷೆಗೆ ಬಂದವರೆದುರು ಹೇಗಿರಬೇಕೆಂಬುದು ಅಷ್ಟಾಗಿ ತಿಳಿಯದು. ತಾವು ಹಳೆಯ ಮನೆಯನ್ನು ಮಾರಲು ನಿಶ್ಚಯಿಸಿದ್ದೀರೆನ್ನಿ. ಭಾನುವಾರ ನೋಡುವವರು ಬರುತ್ತಾರೆ. ಶನಿವಾರವೇ ಸುಣ್ಣ ಬಳಿಸಿ, ಬಚ್ಚಲ ಗೋಡೆಯ ತೇವದ ಕಲೆಯನ್ನು ಮರೆಸುವ ಮನಸ್ಸಾಗುತ್ತದೆ. ಅದು ಬೇಡ. ಆ ಸುಣ್ಣ ಒಂದು ಮಳೆಗಾಲವನ್ನೂ ತಾಳದು.

ಕಾನೂನೂ ಇದನ್ನು ಮೆಚ್ಚುವುದಿಲ್ಲ. ತನಗೆ ಗೊತ್ತಿದ್ದು, ಕೊಳ್ಳುವವನ ಸಾಧಾರಣ ಎಚ್ಚರಿಕೆಗೆ ಸಿಕ್ಕದ ಮುಖ್ಯ ದೋಷವನ್ನು ಮಾರುವವನೇ ತಿಳಿಸಬೇಕೆಂದು, ಬೇರೆ ಕರಾರಿಲ್ಲದಿದ್ದಲ್ಲಿ, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣ ವಿಧಿಸಿದೆ. ತೊಲೆಯೊಳಗಿನ ಗೆದ್ದಲು ಅಂಥದು. ಹಕ್ಕಿನ ತೊಡಕೂ ಅಂಥದೇ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. ತಂಗಿಯ ಒಪ್ಪಿಗೆ ಇನ್ನೂ ಬಂದಿಲ್ಲವಾದರೆ ಕಾಫಿ ಕೊಡುವಾಗಲೇ ಹೇಳಿಬಿಡಿ. ಮುಂಗಡ ಪಡೆದ ಮೇಲೆ ಹೇಳಿದರೆ ಜಗಳವೇ ಗತಿ. ಕ್ರಯಪತ್ರ, ಖಾತೆ, ಕಂದಾಯದ ರಸೀದಿ, ಋಣಭಾರ ಪತ್ರ ಇವನ್ನು ಮೇಜಿನ ಮೇಲಿಡಿ. ಮೂಲಪತ್ರಗಳನ್ನು ತೋರಿಸಿ, ನಕಲು ಕೊಟ್ಟು ಕಳಿಸಿದರೆ ಸಾಕು.

ಕಾಗದಪತ್ರಗಳಿಗಿಂತ ಕಷ್ಟವಾದದ್ದು ಮನೆಯ ಹಿರಿಯರ ಮನಸ್ಸು. ಬಂದವರು ದೇವರ ಕೋಣೆಯನ್ನು ಅಳೆದು, "ಇದನ್ನೊಡೆದು ಸ್ನಾನದ ಮನೆ ಮಾಡಬಹುದು" ಎನ್ನುತ್ತಾರೆ. ಅವರದು ತಪ್ಪಲ್ಲ, ನಾಳೆ ಇರುವವರು ಅವರು. ಆದರೆ ಐವತ್ತು ವರ್ಷ ಅಲ್ಲಿ ದೀಪ ಹಚ್ಚಿದ ಅಜ್ಜಿ ಬಾಗಿಲಲ್ಲೇ ಕುಳಿತಿರುತ್ತಾರಲ್ಲ! ಇಂಥ ಮಾತು ಬಂದೀತೆಂದು ಹಿಂದಿನ ದಿನವೇ ಅವರಿಗೆ ತಿಳಿಸಿ. ಬೇಕಾದರೆ ಆ ಹೊತ್ತು ಮಗಳ ಮನೆಗೆ ಹೋಗಿರಲಿ. ಹೋಗಲೊಲ್ಲೆನೆಂದರೆ ಬಲವಂತ ಬೇಡ. ಬಾವಿಯನ್ನು ಅವರೇ ತೋರಿಸಲಿ. ಯಾವ ಬೇಸಿಗೆಯಲ್ಲಿ ನೀರು ಎಷ್ಟು ಮೆಟ್ಟು ಇಳಿದಿತ್ತೆಂಬುದು ಅವರಷ್ಟು ಮತ್ತಾರಿಗೂ ತಿಳಿಯದು.